ಮುಖದಲ್ಲಿ ನಿಂತುಬಿಡುವ ಕೆಂಪು

ನಾಚಿಕೆಯಿಂದಾಗಲಿ, ಕೋಪದಿಂದಾಗಲಿ, ಬಿಸಿಲಿನ ಝಳದಿಂದಾಗಲಿ ಮುಖವು ಕೆಂಪೇರುವುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿಯೇ. ಚರ್ಮದ ಕೆಳಗೆ ಹರಡಿರುವ, ಕೂದಲೆಳೆಗಿಂತಲೂ ಸೂಕ್ಷ್ಮವಾದ ರಕ್ತನಾಳಗಳು ಸ್ವಲ್ಪ ಹೊತ್ತು ಹಿಗ್ಗಿ, ಅವುಗಳಲ್ಲಿ ರಕ್ತವು ಹೆಚ್ಚಾಗಿ ತುಂಬಿ, ಆಮೇಲೆ ಯಥಾಸ್ಥಿತಿಗೆ ಬರುವುವು. ಅದರೊಡನೆ ಕೆಂಪೂ ಇಳಿದುಹೋಗುವುದು. ಆದರೆ ಕೆಲವರಲ್ಲಿ ಹೀಗೆ ಏರಿದ ಕೆಂಪು ಇಳಿಯುವುದನ್ನೇ ಮರೆತಂತೆ ನಿಂತುಬಿಡುವುದು. ಮೊದಮೊದಲು ಗಳಿಗೆಯ ಮಟ್ಟಿಗೆ, ಆಮೇಲೆ ದಿನಗಟ್ಟಲೆ, ಕಡೆಗೆ ವರುಷಗಟ್ಟಲೆ ಅದು ಕೆನ್ನೆ, ಮೂಗು, ಗದ್ದ, ಹಣೆಯ ನಡುಭಾಗ ಇವುಗಳನ್ನು ಬಿಟ್ಟು ಕದಲುವುದಿಲ್ಲ. ಕೆಂಪಿನ ಜೊತೆಗೆ ಉರಿ, ಚುಚ್ಚಿದಂತಾಗುವುದು, ಸಣ್ಣ ಸಣ್ಣ ಗುಳ್ಳೆಗಳು, ಕೀವು ಮೊಗಗಳು, ಜೇಡನ ಎಳೆಗಳಂತೆ ಹರಡಿದ ರಕ್ತನಾಳಗಳು ಕ್ರಮವಾಗಿ ಕಾಣಿಸಿಕೊಳ್ಳುವುವು. ಇಂತಹ ಮುಖವುಳ್ಳವರು ನಮ್ಮ ನಡುವೆ ಇದ್ದಾರೆ. ಆದರೆ ಅವರಿಗಿರುವುದು ಇಂತಹ ರೋಗವೆಂದು ಹೇಳುವವರು ಅಪರೂಪ.

ಪಾಶ್ಚಾತ್ಯ ವೈದ್ಯರು ಇದನ್ನು 'ರೋಸೇಶಿಯ' ಎಂದು ಕರೆಯುವರು. ಲ್ಯಾಟಿನ್ ಭಾಷೆಯಲ್ಲಿ ಗುಲಾಬಿಯನ್ನು ಸೂಚಿಸುವ ಪದದಿಂದ ಹುಟ್ಟಿದ ಹೆಸರಿದು. ಹೆಸರೇನೋ ಸೊಗಸಾಗಿಯೇ ಇದೆ. ಅನುಭವಿಸುವವರಿಗೆ ಮಾತ್ರ ಅದರಲ್ಲಿ ಗುಲಾಬಿಯ ಮುಳ್ಳಲ್ಲದೆ ಮತ್ತೇನೂ ಕಾಣದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಚರ್ಮವೈದ್ಯನಾದ ಥಾಮಸ್ ಬೇಟ್‌ಮನ್ ಎಂಬುವನು ಇದನ್ನು ಮೊಡವೆಯ ಪಂಗಡಕ್ಕೆ ಸೇರಿಸಿ ವರ್ಣಿಸಿದನು. ಆ ವರ್ಗೀಕರಣದ ನೆರಳು ಇಂದಿಗೂ ಪೂರ್ತಿಯಾಗಿ ಹೋಗಿಲ್ಲ. ನಿಜವಾಗಿ ನೋಡಿದರೆ ಇವೆರಡೂ ಬೇರೆ ಬೇರೆ. ಮೊಡವೆಯು ಹರೆಯದವರ ಸೊತ್ತು; ಅದರಲ್ಲಿ ರಂಧ್ರಗಳು ಮುಚ್ಚಿಕೊಂಡು ಕಪ್ಪು ಮತ್ತು ಬಿಳಿಯ ಮೊಳೆಗಳು ಕಾಣಿಸುವುವು. ರೋಸೇಶಿಯವು ಸಾಮಾನ್ಯವಾಗಿ ಮೂವತ್ತು ದಾಟಿದವರಿಗೆ ಬರುವುದು. ಗುಳ್ಳೆಗಳಿದ್ದರೂ ಮೊಳೆಗಳಿರುವುದಿಲ್ಲ, ಉರಿ ಮಾತ್ರ ಇದ್ದೇ ಇರುವುದು. ಮೊಡವೆಗೆಂದು ಮಾರುವ, ಚರ್ಮವನ್ನು ಒಣಗಿಸುವ ಲೇಪಗಳನ್ನು ಈ ಮುಖಕ್ಕೆ ಹಚ್ಚಿದರೆ ಬೆಂಕಿಗೆ ಸೋಗೆ ಹಾಕಿದಂತಾಗುವುದು.

ನಮ್ಮ ಭಾಷೆಯಲ್ಲಿ ಇದಕ್ಕೆ ಬಳಕೆಯ ಹೆಸರಿಲ್ಲ. ಉಷ್ಣವೆಂದೋ, ಬಿಸಿಲುಗುಳ್ಳೆಯೆಂದೋ, ಪಿತ್ತವೆಂದೋ, ಈಚೆಗೆ ಅಲರ್ಜಿಯೆಂದೋ ಹೇಳಿ ಮುಗಿಸುವುದು ವಾಡಿಕೆ. ಹೆಸರಿಲ್ಲದ ರೋಗಕ್ಕೆ ಬೇರೆ ರೋಗದ ಔಷಧವು ಬೀಳುವುದು ಸಹಜವೇ ಆಗಿದೆ.

ಯೂರೋಪಿನಲ್ಲಿ ಬಹುಕಾಲ ಇದನ್ನು 'ಕೆಲ್ಟರ ಶಾಪ'ವೆಂದು ಕರೆಯುತ್ತಿದ್ದರು. ಐರ್ಲೆಂಡು, ಸ್ಕಾಟ್ಲೆಂಡುಗಳ ಬೆಳ್ಳನೆಯ ಜನರಲ್ಲಿ ಇದು ಹೆಚ್ಚಾಗಿ ಕಂಡುಬಂದುದರಿಂದ, ಬಿಳಿಯರ ರೋಗವೆಂಬ ಭಾವನೆ ವೈದ್ಯಗ್ರಂಥಗಳಲ್ಲಿಯೂ ಬೇರೂರಿತು. ಹಲವು ದೇಶಗಳ ಲೆಕ್ಕಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಪ್ರಾಯಸ್ಥರಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ಈ ರೋಗವಿರಬಹುದೆಂದು ಅಂದಾಜು ಮಾಡಿದರು. ನಮ್ಮಂತಹ ಕಂದುಬಣ್ಣದ ಜನರಲ್ಲಿ ಇದು ಕಡಮೆಯೆಂದು ತೋರುವುದಕ್ಕೆ ಒಂದು ಕಾರಣವು ಬಹು ಸರಳವಾದುದು: ಕಂದು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ. ಚರ್ಮದ ವರ್ಣದ್ರವ್ಯವು ರಕ್ತದ ಬಣ್ಣವನ್ನು ಮುಸುಕು ಹಾಕಿ ಮುಚ್ಚಿಬಿಡುವುದು. ಇಂಗ್ಲೆಂಡಿನ ಹೆಂಗಸಿನ ಕೆನ್ನೆಯಲ್ಲಿ ಟೊಮೆಟೊ ಹಣ್ಣಿನಂತೆ ಕಾಣುವ ಕೆಂಪು ತುರುವೇಕೆರೆಯ ಹೆಂಗಸಿನ ಕೆನ್ನೆಯಲ್ಲಿ ಬರಿಯ ಮಬ್ಬು ಕಂದಾಗಿ, ಕೆಲವೊಮ್ಮೆ ನೇರಿಳೆಯ ಛಾಯೆಯಾಗಿ ಕಾಣುವುದು. ನೋಡಿದವರು "ಬಿಸಿಲಿಗೆ ಕಪ್ಪಾಗಿದ್ದೀಯೆ" ಎಂದು ಹೇಳಿ ಸುಮ್ಮನಾಗುವರು. ಉರಿಯುತ್ತಿರುವುದು ಅವಳಿಗೆ ಮಾತ್ರ ಗೊತ್ತು.

ಆದಕಾರಣ ನಮ್ಮಲ್ಲಿ ಕಣ್ಣಿಗಿಂತಲೂ ರೋಗಿಯ ಮಾತನ್ನು ಹೆಚ್ಚಾಗಿ ನಂಬಬೇಕು. ಮುಖ ಬೆಚ್ಚಗಾಗುವುದೆ? ಸೋಪು ತಗುಲಿದರೆ ಉರಿಯುವುದೆ? ಹಿಂದೆ ಒಗ್ಗುತ್ತಿದ್ದ ಸ್ನೋ, ಪೌಡರುಗಳು ಈಗ ಚುಚ್ಚುವುವೆ? ಒಲೆಯ ಮುಂದೆ, ಬಿಸಿಲಿನಲ್ಲಿ, ಊಟದ ನಡುವೆ ಇದು ಹೆಚ್ಚುವುದೆ? ಎಂದು ಕೇಳಬೇಕು. ತಿಳಿಯಾದ ಗಾಜಿನ ಲೋಟವನ್ನು ಕೆನ್ನೆಗೆ ಮೆಲ್ಲಗೆ ಒತ್ತಿ ನೋಡಿದರೆ, ಒತ್ತಿದೆಡೆಯ ಬಣ್ಣವು ತಿಳಿಯಾಗಿ, ತೆಗೆದೊಡನೆ ಮತ್ತೆ ತುಂಬಿಕೊಳ್ಳುವುದು ಒಂದು ಸುಳಿವು; ಬಿಸಿಲಿನಿಂದ ಬಂದ ಕಪ್ಪು ಹೀಗೆ ಮಾಡುವುದಿಲ್ಲ. ಈ ರೋಗವನ್ನು ಗೊತ್ತುಮಾಡುವುದಕ್ಕೆ ರಕ್ತಪರೀಕ್ಷೆಯೆಂಬುದೊಂದಿಲ್ಲ. ನುರಿತ ವೈದ್ಯನು ನೋಡಿ, ಕೇಳಿ, ಇತರ ರೋಗಗಳನ್ನು ಬದಿಗೆ ಸರಿಸಿ ನಿರ್ಣಯಿಸತಕ್ಕದ್ದು.

ಇನ್ನು ನಮ್ಮ ಸೀಮೆಯ ವಿಚಾರಕ್ಕೆ ಬರೋಣ. ಮಾಯಸಂದ್ರ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ಕಡೆ ತೆಂಗಿನ ತೋಟವಿಲ್ಲದ ಊರಿಲ್ಲ. ಹೊರಗಿನವರು ಇದನ್ನು ನೆರಳಿನ ನಾಡೆಂದು ತಿಳಿಯುವರು. ತೋಟದಲ್ಲಿ ಕೆಲಸ ಮಾಡಿದವರಿಗೆ ನಿಜವು ಗೊತ್ತು: ತೆಂಗಿನ ನೆರಳು ಜಾಲರಿಯ ನೆರಳು, ಸೋಗೆಯ ಸಂದಿನಿಂದ ಬಿಸಿಲು ಇಳಿಯುತ್ತಲೇ ಇರುವುದು. ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿರುವ ಈ ಪ್ರದೇಶದಲ್ಲಿ ಸೂರ್ಯನು ವರುಷಕ್ಕೆ ಎರಡು ಸಲ ನೆತ್ತಿಯ ನೇರಕ್ಕೆ ಬರುವನು. ಬಿಸಿಲಿನಲ್ಲಿರುವ ಅತಿನೇರಿಳೆ ಕಿರಣಗಳು ರೋಸೇಶಿಯವನ್ನು ಕೆರಳಿಸುವ ಕಾರಣಗಳಲ್ಲಿ ಮೊದಲನೆಯದಾಗಿ ಎಣಿಸಲ್ಪಟ್ಟಿವೆ. ಬಿದ್ದ ಕಾಯಿಯನ್ನು ಆರಿಸುವವರು, ರಾಗಿಯ ಹೊಲದಲ್ಲಿ ಕಳೆ ಕೀಳುವವರು, ಅಂಗಳದಲ್ಲಿ ಕಾಳು ಹರಡುವವರು ಇವರೆಲ್ಲರ ಮುಖವೂ ದಿನವಿಡೀ ಈ ಕಿರಣಗಳಿಗೆ ಒಡ್ಡಿದ್ದೇ ಸರಿ.

ಬಿಸಿಲಿನ ಪಾಲು ಅಷ್ಟಾದರೆ ಒಲೆಯ ಪಾಲು ಮತ್ತಷ್ಟು. ಈಗ ಹೆಚ್ಚಿನ ಮನೆಗಳ ಅಡಿಗೆಗೆ ಗ್ಯಾಸಿನ ಒಲೆ ಬಂದಿರುವುದೇನೋ ನಿಜ. ಆದರೆ ತೋಟವಿರುವ ಮನೆಯಲ್ಲಿ ಸೋಗೆ, ಮಟ್ಟೆ, ಕುರುಂಬಾಳೆ, ಚಿಪ್ಪುಗಳಿಗೆ ಬರವಿಲ್ಲ. ಬಚ್ಚಲ ಹಂಡೆಯ ಒಲೆಗೂ, ಹಬ್ಬದ ಅಡಿಗೆಯ ಒಲೆಗೂ ಅವೇ ಸೌದೆ. ತೆಂಗಿನ ಚಿಪ್ಪಿನ ಕೆಂಡವು ಎಷ್ಟು ತೀಕ್ಷ್ಣವಾದುದೆಂಬುದನ್ನು ಊದುಗೊಳವೆ ಹಿಡಿದು ಕುಳಿತವರಿಗೆ ಹೇಳಬೇಕಾದುದಿಲ್ಲ. ಬಾಗಿ ಊದುವಾಗ ಮುಖವು ಬೆಂಕಿಗೆ ಮೊಳದಷ್ಟು ದೂರದಲ್ಲಿರುವುದು. ಈ ರೋಗವುಳ್ಳ ಗೃಹಿಣಿಗೆ ಬೆಳಗಿನ ಆ ಅರ್ಧ ಗಂಟೆಯೇ ದಿನದ ಉರಿಗೆ ನಾಂದಿಯಾಗುವುದು.

ಊಟದ ವಿಷಯದಲ್ಲಿಯೂ ಒಂದು ವಿಚಿತ್ರವಿದೆ. ಮೆಣಸಿನಕಾಯಿಯನ್ನು ತಿಂದರೆ ಬಾಯಿ 'ಉರಿಯಿತು' ಎಂದೇ ನಾವು ಹೇಳುವುದು. ಬೆಂಕಿ ತಗುಲಿದರೂ 'ಉರಿಯಿತು' ಎಂದೇ. ಈ ಮಾತು ಬರಿಯ ಉಪಮೆಯಲ್ಲವೆಂದು ಈಚಿನ ವಿಜ್ಞಾನವು ತೋರಿಸಿಕೊಟ್ಟಿದೆ. ಅಮೆರಿಕದ ಡೇವಿಡ್ ಜೂಲಿಯಸ್ ಎಂಬ ಶಾಸ್ತ್ರಜ್ಞನು ತನ್ನ ಸಂಗಡಿಗರೊಡನೆ 1997ರಲ್ಲಿ ನರದ ತುದಿಯಲ್ಲಿರುವ ಒಂದು ಪ್ರೋಟೀನನ್ನು ಕಂಡುಹಿಡಿದನು. ಸುಮಾರು 43 ಡಿಗ್ರಿ ಸೆಂಟಿಗ್ರೇಡಿಗೆ ಮೀರಿದ ಶಾಖ ತಗುಲಿದರೂ ಅದು ತೆರೆದುಕೊಳ್ಳುವುದು, ಮೆಣಸಿನಕಾಯಿಯ ಖಾರದ ಸತ್ತ್ವವು ತಗುಲಿದರೂ ಅದೇ ತೆರೆದುಕೊಳ್ಳುವುದು. ಎರಡು ಕೈಗಳು ಒಂದೇ ಗಂಟೆಯನ್ನು ಬಾರಿಸಿದಂತೆ! ಈ ಶೋಧನೆಯ ಹಿರಿಮೆಯಿಂದ ಆತನಿಗೆ 2021ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ರೋಸೇಶಿಯವುಳ್ಳವರ ಮುಖದಲ್ಲಿ ಇಂತಹ ನರಗಳು ಸ್ವಲ್ಪಕ್ಕೇ ಎಚ್ಚರಗೊಂಡು ರಕ್ತನಾಳಗಳನ್ನು ಹಿಗ್ಗಿಸುವುವೆಂದು ತಿಳಿದುಬಂದಿದೆ. ಹೀಗಿರಲು, ಹೊಗೆಯಾಡುವ ರಾಗಿಮುದ್ದೆಯನ್ನು ಖಾರವಾದ ಬಸ್ಸಾರಿನಲ್ಲಿ ಅದ್ದಿ ನುಂಗುವಾಗ ಕೆಲವರ ಮುಖವೆಲ್ಲ ಕಾವೇರುವುದರಲ್ಲಿ ಆಶ್ಚರ್ಯವೇನಿದೆ? ಶಾಖವೂ ಖಾರವೂ ಒಟ್ಟಿಗೆ ಗಂಟೆ ಬಾರಿಸಿರುವುವು.

ಇದನ್ನೋದಿ ಮುದ್ದೆಯನ್ನು ಬಿಡಬೇಕೆಂದು ಯಾರೂ ತಿಳಿಯಬಾರದು. ರಾಗಿಗೆ ಇದರಲ್ಲಿ ಅಪರಾಧವಿಲ್ಲ. ಮುದ್ದೆ ಸ್ವಲ್ಪ ಆರಲಿ, ಸಾರಿಗೆ ಒಣಮೆಣಸಿನಕಾಯಿ ಎರಡು ಕಡಮೆ ಬೀಳಲಿ, ಅಷ್ಟೆ. ಕಾಫಿಯ ವಿಷಯವೂ ಹೀಗೆಯೇ. ಕಾಫಿಯಿಂದ ಮುಖ ಕೆಂಪಾಗುವುದೆಂದು ವೈದ್ಯರೇ ಬಹುಕಾಲ ಹೇಳುತ್ತಿದ್ದರು. 1981ರಲ್ಲಿ ಜಾನಥನ್ ವಿಲ್ಕಿನ್ ಎಂಬ ಅಮೆರಿಕದ ವೈದ್ಯನು ರೋಗಿಗಳಿಗೆ ಬಿಸಿ ಕಾಫಿ, ತಣ್ಣನೆಯ ಕಾಫಿ, ಬರಿಯ ಬಿಸಿನೀರು ಇವುಗಳನ್ನು ಬೇರೆ ಬೇರೆಯಾಗಿ ಕೊಟ್ಟು ನೋಡಿದನು. 60 ಡಿಗ್ರಿಯ ಬಿಸಿನೀರು ಬಿಸಿ ಕಾಫಿಯಷ್ಟೇ ಕೆಂಪನ್ನು ತಂದಿತು. ತಣ್ಣನೆಯ ಕಾಫಿ ತರಲಿಲ್ಲ. ತಪ್ಪು ಬೀಜದ್ದಲ್ಲ, ಬಿಸಿಯದು. ಇಷ್ಟೇ ಅಲ್ಲದೆ, ಅಮೆರಿಕದಲ್ಲಿ 82 ಸಾವಿರಕ್ಕೂ ಹೆಚ್ಚು ಮಂದಿ ದಾದಿಯರನ್ನು ವರುಷಗಟ್ಟಲೆ ವಿಚಾರಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹೆಚ್ಚು ಕಾಫಿ ಕುಡಿಯುವವರಲ್ಲಿ ಈ ರೋಗವು ಕಡಮೆಯಾಗಿಯೇ ಕಂಡಿತು. ಅದರಿಂದ ಕಾಫಿಯು ಔಷಧವೆಂದು ಸಿದ್ಧವಾಗುವುದಿಲ್ಲ. ಆದರೆ ಅದನ್ನು ವರ್ಜಿಸಬೇಕೆಂಬ ವಾದವಂತೂ ನಿಲ್ಲುವುದಿಲ್ಲ. ಲೋಟದಿಂದ ಬಟ್ಟಲಿಗೆ ನಾಲ್ಕು ಸಲ ಹೊಯ್ದು ಆರಿಸಿ ಕುಡಿಯುವ ನಮ್ಮ ಹಿರಿಯರ ರೂಢಿಯು ಈ ರೋಗಿಗಳಿಗೆ ಹೇಳಿ ಮಾಡಿಸಿದಂತಿದೆ.

ಒಳಗೆ ನಡೆಯುವುದೇನೆಂಬ ಪ್ರಶ್ನೆಗೆ ಇಲ್ಲಿ ಸ್ವಲ್ಪ ಸ್ಥಳ ಕೊಡಬೇಕು. ರೋಗಾಣುಗಳನ್ನು ತಡೆಯುವುದಕ್ಕಾಗಿ ನಮ್ಮ ಚರ್ಮವು ತಾನೇ ಕೆಲವು ರಾಸಾಯನಿಕಗಳನ್ನು ತಯಾರಿಸಿಕೊಳ್ಳುವುದು. ಅವುಗಳಲ್ಲೊಂದು ಕ್ಯಾಥೆಲಿಸಿಡಿನ್. ಊರಿನ ಕಾವಲುಗಾರನಂತೆ ಅಗತ್ಯವಿದ್ದಾಗ ಮಾತ್ರ ಕೂಗಬೇಕಾದುದು ಅದರ ಧರ್ಮ. ರೋಸೇಶಿಯವುಳ್ಳವರ ಚರ್ಮದಲ್ಲಿ ಇದು ಮಿತಿಮೀರಿ ಇರುವುದಲ್ಲದೆ, ಅದನ್ನು ಕತ್ತರಿಸಿ ರೂಪಿಸುವ ಕಿಣ್ವವೂ ಹೆಚ್ಚಾಗಿರುವುದೆಂದು 2007ರಲ್ಲಿ ರಿಚರ್ಡ್ ಗ್ಯಾಲೋ ಎಂಬ ಅಮೆರಿಕದ ವೈದ್ಯನೂ ಅವನ ಸಂಗಡಿಗರೂ ತೋರಿಸಿದರು. ಕಾವಲುಗಾರನು ಬೆಕ್ಕು ಸುಳಿದರೂ ಊರನ್ನೆಬ್ಬಿಸುವನು. ರಕ್ತನಾಳಗಳು ಹಿಗ್ಗುವುವು, ಉರಿಯೂತವು ಆರಂಭವಾಗುವುದು. ಇದರ ಜೊತೆಗೆ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ನುಸಿಯೊಂದು ಪ್ರಾಯಸ್ಥರೆಲ್ಲರ ಮುಖದ ರೋಮಕೂಪಗಳಲ್ಲಿ ಬಿಡಾರ ಮಾಡಿರುವುದು. ಅದರ ಉದ್ದ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. 1842ರಲ್ಲಿ ಬರ್ಲಿನ್ನಿನ ಗುಸ್ಟಾಫ್ ಸೈಮನ್ ಇದನ್ನು ವಿವರಿಸಿದನು. ಸಾಧಾರಣವಾಗಿ ನಿರಪಾಯಕಾರಿಯಾದ ಈ ನುಸಿಯು ರೋಸೇಶಿಯವುಳ್ಳವರಲ್ಲಿ ಹಲವು ಪಟ್ಟು ಹೆಚ್ಚಿರುವುದು ಕಂಡುಬಂದಿದೆ. ಹೀಗೆಂದು ಕೇಳಿ, ಸಂಸಾರದ ಇತರರು ರೋಗಿಯ ಟವಲನ್ನೂ ದಿಂಬನ್ನೂ ಬೇರೆ ಮಾಡಲು ಹೊರಡಬಾರದು. ಇದು ಅಂಟುರೋಗವಲ್ಲ. ವಂಶದಲ್ಲಿ ಹರಿದುಬರುವ ಒಲವೊಂದು ಇದೆ. ತಾಯಿಗಿದ್ದರೆ ಮಗಳಿಗೆ ಬರುವುದುಂಟು.

ಜನಾಪವಾದದ ಮಾತನ್ನು ಇಲ್ಲಿಯೇ ಮುಗಿಸಿಬಿಡಬಹುದು. ಕೆಲವು ರೋಗಿಗಳಲ್ಲಿ, ಮುಖ್ಯವಾಗಿ ಗಂಡಸರಲ್ಲಿ, ವರುಷಗಳು ಕಳೆದಂತೆ ಮೂಗಿನ ಚರ್ಮವು ದಪ್ಪವಾಗಿ, ರಂಧ್ರಗಳು ಅಗಲವಾಗಿ, ಮೂಗೆಲ್ಲ ಗಡ್ಡೆಗಟ್ಟುವುದು. ಇಂತಹ ಮೂಗು ಕಂಡರೆ ಕುಡುಕನೆಂದು ಹೇಳುವುದು ಪಶ್ಚಿಮದಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ಮದ್ಯವು ಮುಖವನ್ನು ಕೆಂಪಾಗಿಸುವುದು ನಿಜ. ಆದರೆ ತೊಟ್ಟು ಮದ್ಯವನ್ನೂ ಮುಟ್ಟದವರಿಗೂ ಈ ಮೂಗು ಬರುವುದು. ಅಮೆರಿಕದ ಕುಬೇರನೆನಿಸಿದ್ದ ಜೆ. ಪಿ. ಮಾರ್ಗನ್ನನಿಗೆ ಇಂತಹ ಮೂಗಿದ್ದಿತು. 1913ರಲ್ಲಿ ತೀರಿಕೊಂಡ ಆತನು ಪಟ ತೆಗೆಸಿಕೊಳ್ಳುವುದೆಂದರೆ ರೇಗುತ್ತಿದ್ದನು. ತೆಗೆದ ಪಟಗಳಲ್ಲಿ ಮೂಗನ್ನು ತಿದ್ದಿಸುತ್ತಿದ್ದನು. ಇದಕ್ಕಿಂತ ಹಿತವಾದ ನಿದರ್ಶನವು ಪ್ಯಾರಿಸ್ಸಿನ ಲೂವ್ರ್ ಚಿತ್ರಶಾಲೆಯಲ್ಲಿದೆ. ಇಟಲಿಯ ಗಿರ್ಲಾಂಡಾಯೋ ಎಂಬ ಚಿತ್ರಕಾರನು ಸುಮಾರು 1490ರಲ್ಲಿ ಬರೆದ ಆ ಪಟದಲ್ಲಿ ಗಡ್ಡೆಮೂಗಿನ ಮುದುಕನೊಬ್ಬನು ಮೊಮ್ಮಗನನ್ನು ತಬ್ಬಿಕೊಂಡಿರುವನು. ಮಗುವು ಆ ಮೂಗನ್ನು ಗಮನಿಸಿದಂತೆಯೇ ಇಲ್ಲ. ತಾತನ ಕಣ್ಣನ್ನು ಪ್ರೀತಿಯಿಂದ ನೋಡುತ್ತಿರುವುದು.

ಕುಡಿತದ ಅಪವಾದಕ್ಕಿಂತಲೂ ಹಳ್ಳಿಗಳಲ್ಲಿ ಹೆಚ್ಚು ನೋವು ಕೊಡುವುದು ಕುಷ್ಠದ ಭಯ. ಮುಖ ಕೆಂಪಾಗಿ ದಪ್ಪವಾದರೆ ಮನೆಯವರ ಮನಸ್ಸು ಮೊದಲು ಅಲ್ಲಿಗೇ ಓಡುವುದು. ಎರಡಕ್ಕೂ ಇರುವ ಒಂದು ಭೇದವನ್ನು ನೆನಪಿಟ್ಟರೆ ಸಾಕು: ಕುಷ್ಠದ ಮಚ್ಚೆಯು ಸಾಮಾನ್ಯವಾಗಿ ಸ್ಪರ್ಶಜ್ಞಾನವನ್ನು ಕಳೆದುಕೊಂಡಿರುವುದು, ರೋಸೇಶಿಯದ ಚರ್ಮವು ಬೇಕಾದುದಕ್ಕಿಂತ ಹೆಚ್ಚಾಗಿ ಎಲ್ಲವನ್ನೂ ಅನುಭವಿಸುವುದು. ಆದರೂ ಮುಖದಲ್ಲಿ, ಕಿವಿಯ ಹಾಲೆಗಳಲ್ಲಿ ಗಂಟುಗಳಿದ್ದರೆ ಸ್ವಂತ ತೀರ್ಮಾನಕ್ಕೆ ಹೋಗದೆ ವೈದ್ಯರಿಗೆ ತೋರಿಸಬೇಕು. ಕುಷ್ಠವೇ ಆಗಿದ್ದರೂ ಇಂದು ಅದು ಗುಣವಾಗುವ ರೋಗ. ಸರ್ಕಾರದ ಆಸ್ಪತ್ರೆಗಳಲ್ಲಿ ಅದರ ಔಷಧವು ಉಚಿತ. ಲೂಪಸ್ ಎಂಬ ಮತ್ತೊಂದು ರೋಗದಲ್ಲಿ ಎರಡು ಕೆನ್ನೆಗಳ ಮೇಲೂ ಚಿಟ್ಟೆಯ ರೆಕ್ಕೆಗಳಂತೆ ಕೆಂಪು ಹರಡುವುದು. ಕೀಲುನೋವು, ಜ್ವರ, ಬಾಯಿಹುಣ್ಣು, ಕೂದಲುದುರುವುದು ಇವು ಜೊತೆಗಿದ್ದರೆ ಮೂತ್ರಪಿಂಡಗಳಿಗೂ ಅಪಾಯವಿರಬಹುದಾದುದರಿಂದ ತಡಮಾಡಕೂಡದು.

ಇಷ್ಟೆಲ್ಲ ಹೇಳಿದುದಾಯಿತು, ಈ ಲೇಖನವನ್ನು ಬರೆಯುವುದಕ್ಕೆ ಮುಖ್ಯ ಕಾರಣವಾದ ವಿಷಯವು ಇನ್ನು ಮುಂದಿದೆ. ನಮ್ಮ ದೇಶದಲ್ಲಿ ರೋಸೇಶಿಯವು ತಾನಾಗಿ ಬರುವುದಲ್ಲದೆ, ಅದರ ತದ್ರೂಪವಾದ ಒಂದು ರೋಗವನ್ನು ಅಂಗಡಿಯಿಂದ ಕೊಂಡು ತಂದು ಹಚ್ಚಿಕೊಳ್ಳುವವರೂ ಬಹುಮಂದಿ ಇದ್ದಾರೆ.

ಸ್ಟೀರಾಯ್ಡ್ ಎಂಬ ವರ್ಗದ ಔಷಧಗಳ ಹೆಸರನ್ನು ವಾಚಕರು ಕೇಳಿರಬಹುದು. ಕಾರ್ಟಿಸೋನನ್ನು ಕುರಿತ ಸಂಶೋಧನೆಗಾಗಿ ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಬಹುಮಾನವು ಬಂದಿತು. ಅದೇ ವರ್ಗದ ಹೈಡ್ರೋಕಾರ್ಟಿಸೋನನ್ನು ಮುಲಾಮಿನ ರೂಪದಲ್ಲಿ ಚರ್ಮಕ್ಕೆ ಹಚ್ಚಿ ಗುಣ ಕಂಡ ಅಮೆರಿಕದ ವೈದ್ಯರ ವರದಿಯು 1952ರಲ್ಲಿ ಹೊರಟಿತು. ಇಸುಬು ಮೊದಲಾದ ಚರ್ಮರೋಗಗಳಲ್ಲಿ ಇದು ಅಮೃತಸಮಾನವಾದುದೆಂಬುದರಲ್ಲಿ ಸಂದೇಹವಿಲ್ಲ. ಉರಿಯೂತವನ್ನು ದಿನದೊಳಗಾಗಿ ಅಡಗಿಸುವುದು, ಕೆಂಪು ಇಳಿಯುವುದು, ಬಣ್ಣವೂ ತಿಳಿಯಾಗುವುದು. ಈ ಕಡೆಯ ಗುಣವೇ ಅನರ್ಥಕ್ಕೆ ಮೂಲವಾಯಿತು. ಬಂಗಿಗೆ, ಅಂದರೆ ನಮ್ಮ ವೈದ್ಯಗ್ರಂಥಗಳಲ್ಲಿ ವ್ಯಂಗವೆಂದು ಹೇಳುವ ಕೆನ್ನೆಯ ಕಪ್ಪಿಗೆ, ಹೆರಿಗೆಯಾದ ಹೆಂಗಸರು ಹುಡುಕದ ಔಷಧವಿಲ್ಲ. ಸ್ಟೀರಾಯ್ಡಿನೊಡನೆ ಬಣ್ಣ ತೆಗೆಯುವ ಬೇರೆರಡು ವಸ್ತುಗಳನ್ನು ಬೆರೆಸಿದ ಮುಲಾಮುಗಳು ಇದಕ್ಕೆಂದೇ ಇವೆ. ವೈದ್ಯರು ಕೆಲವು ವಾರಗಳ ಮಟ್ಟಿಗೆಂದು ಬರೆದುಕೊಟ್ಟ ಟ್ಯೂಬು ನೆರೆಮನೆಗೆ ಹೋಗುವುದು, ಅಲ್ಲಿಂದ ತಂಗಿಯ ಊರಿಗೆ ಹೋಗುವುದು. ಮದುವೆಯ ಹುಡುಗಿಗೆ ಬೆಳ್ಳಗಾಗಲೆಂದು ತಾಯಿಯೇ ತಂದುಕೊಡುವಳು. ಗಂಡಸರು ಮೊಡವೆಗೂ, ಕ್ಷೌರದ ಗಾಯಕ್ಕೂ, ಹುಳುಕಡ್ಡಿಗೂ ಅದನ್ನೇ ಬಳಿಯುವರು.

ಮೊದಲ ತಿಂಗಳು ಕನ್ನಡಿಯೇ ಅದರ ಜಾಹಿರಾತು. ಆಮೇಲೆ ಚರ್ಮವು ತೆಳ್ಳಗಾಗುತ್ತ ಬಂದು ರಕ್ತನಾಳಗಳು ಮೇಲೆದ್ದು ಕಾಣುವುವು. ಹಚ್ಚುವುದನ್ನು ಒಂದು ದಿನ ಬಿಟ್ಟರೆ ಮುಖವು ಕೆಂಡದಂತಾಗುವುದು, ಗುಳ್ಳೆಗಳೇಳುವುವು, ಬಿಸಿಲು ಕಂಡರೆ ಸಹಿಸದು. ಹೆದರಿ ಮತ್ತೆ ಹಚ್ಚಿದರೆ ಎಲ್ಲವೂ ಶಾಂತವಾಗುವುದು. ಹೀಗೆ ಮುಲಾಮೇ ರೋಗವನ್ನು ಹುಟ್ಟಿಸಿ, ಮುಲಾಮೇ ಅದನ್ನು ಮುಚ್ಚಿ, ಮನುಷ್ಯನನ್ನು ಅಫೀಮಿನ ಚಟಕ್ಕೆ ಸಿಕ್ಕಿದವನಂತೆ ಮಾಡುವುದು. ರೋಸೇಶಿಯಕ್ಕೂ ಇದಕ್ಕೂ ನೋಟದಲ್ಲಿ ಅಂತರವು ಅಲ್ಪ. ನಮ್ಮ ದೇಶದ ಚರ್ಮವೈದ್ಯರೇ ಇದಕ್ಕೆ 'ಸ್ಟೀರಾಯ್ಡಿನಿಂದ ಕೆಟ್ಟ ಮುಖ' ಎಂಬರ್ಥದ ಹೆಸರನ್ನಿಟ್ಟಿರುವರು. ದೇಶದ ಹಲವೆಡೆಗಳ ಚರ್ಮರೋಗ ಕೇಂದ್ರಗಳಲ್ಲಿ ಮುಖದ ತೊಂದರೆಗಾಗಿ ಬಂದ 2926 ಮಂದಿಯನ್ನು ಪರೀಕ್ಷಿಸಿ 2011ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಅವರಲ್ಲಿ 433 ಮಂದಿ, ಎಂದರೆ ಏಳರಲ್ಲೊಬ್ಬರು, ಮುಖಕ್ಕೆ ಸ್ಟೀರಾಯ್ಡನ್ನು ಹಚ್ಚುತ್ತಿದ್ದರು. ಅರ್ಧಕ್ಕಿಂತ ಹೆಚ್ಚಿನವರಿಗೆ ಅದನ್ನು ಸೂಚಿಸಿದವರು ವೈದ್ಯರಲ್ಲ. ನೆಂಟರು, ಸ್ನೇಹಿತರು, ಅಂಗಡಿಯವರು.

ವೈದ್ಯಸಂಘಗಳು ಬಹುಕಾಲ ಮೊರೆಯಿಟ್ಟ ಮೇಲೆ, ಭಾರತ ಸರ್ಕಾರವು 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಕೂಡದ ಔಷಧಗಳ ಪಟ್ಟಿಗೆ ಸ್ಪಷ್ಟವಾಗಿ ಸೇರಿಸಿತು. ಕಾಯಿದೆಯೇನೋ ಆಯಿತು, ಆದರೆ ಹೆಸರು ಹೇಳಿ ಹಣ ಕೊಟ್ಟರೆ ಟ್ಯೂಬು ಕೈಗೆ ಬರುವ ಅಂಗಡಿಗಳು ಇನ್ನೂ ಇಲ್ಲದೆ ಇಲ್ಲ. ಆದುದರಿಂದ ಕಾವಲು ಮನೆಯಲ್ಲಿಯೇ ಇರಬೇಕು. ಟ್ಯೂಬಿನ ಮೇಲಿನ ಸಣ್ಣಕ್ಷರಗಳನ್ನು ಓದುವ ಅಭ್ಯಾಸವನ್ನು ಮಾಡಿಕೊಳ್ಳಿರಿ. ಬೀಟಾಮೆಥಸೋನ್, ಕ್ಲೊಬೆಟಸೋಲ್, ಮೊಮೆಟಸೋನ್, ಫ್ಲೂಸಿನೋಲೋನ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡು. ಓದಲು ಬರುವ ಮಗನೋ ಮಗಳೋ ಮನೆಯಲ್ಲಿದ್ದರೆ ಅವರಿಗೆ ಈ ಕೆಲಸವನ್ನು ವಹಿಸಬಹುದು. ಏನು ಸೇರಿದೆಯೆಂಬುದನ್ನು ಬರೆಯದ, ಡಬ್ಬಿಯಲ್ಲಿ ಮಾರುವ 'ಬೆಳ್ಳಗಾಗುವ' ಲೇಪಗಳನ್ನಂತೂ ಮುಟ್ಟಲೇಬಾರದು. ಅವುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡನ್ನೂ, ಕೆಲವಕ್ಕೆ ಪಾದರಸವನ್ನೂ ಬೆರೆಸುವುದುಂಟು.

ಈಗಾಗಲೇ ಈ ಬಲೆಗೆ ಬಿದ್ದವರು ಹೆದರಬೇಕಾದುದಿಲ್ಲ; ಆದರೆ ತಾಳ್ಮೆ ಬೇಕು. ಮುಲಾಮನ್ನು ನಿಲ್ಲಿಸಿದ ಮೇಲೆ ಮುಖವು ಮೊದಲಿಗಿಂತ ಹೆಚ್ಚು ಕೆರಳುವುದು. ಇದು ಕೆಲವು ವಾರಗಳು, ಬಹುಕಾಲ ಹಚ್ಚಿದವರಲ್ಲಿ ಹಲವು ತಿಂಗಳುಗಳು, ನಡೆಯಬಹುದು. ಈ ಅವಧಿಯಲ್ಲಿಯೇ ಹೆಚ್ಚಿನವರು ಧೈರ್ಯಗುಂದಿ ಹಳೆಯ ಟ್ಯೂಬನ್ನು ಹುಡುಕುವರು. ವೈದ್ಯರ ಕೈಕೆಳಗೆ ಬಿಟ್ಟರೆ, ನಿಲ್ಲಿಸುವ ಕ್ರಮವನ್ನು ಅವರು ಗೊತ್ತುಮಾಡಿ, ಉರಿಯನ್ನು ತಗ್ಗಿಸಲು ಸ್ಟೀರಾಯ್ಡಲ್ಲದ ಔಷಧಗಳನ್ನು ಕೊಡುವರು. ಮನೆಯವರು ಆ ದಿನಗಳಲ್ಲಿ "ಮುಖವೇನು ಹೀಗಾಗಿದೆ" ಎಂದು ಕೇಳದಿದ್ದರೆ ಅದೂ ಒಂದು ಉಪಚಾರವೇ ಸರಿ.

ನಿಜವಾದ ರೋಸೇಶಿಯದ ಚಿಕಿತ್ಸೆಯನ್ನು ಸಂಕ್ಷೇಪವಾಗಿ ಹೇಳಬಹುದು. ಇದು ಬೇರುಸಹಿತವಾಗಿ ಕಿತ್ತುಹಾಕುವ ರೋಗವಲ್ಲ. ಮಧುಮೇಹದಂತೆ ಅಂಕೆಯಲ್ಲಿಟ್ಟುಕೊಳ್ಳುವ ರೋಗ. ಗುಳ್ಳೆಗಳಿಗೆ ಮೆಟ್ರೊನಿಡಜೋಲ್ ಅಥವಾ ಅಜೆಲೇಯಿಕ್ ಆಮ್ಲದ ಲೇಪಗಳನ್ನು ಬರೆದುಕೊಡುವರು. 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಐವರ್‌ಮೆಕ್ಟಿನ್ ಲೇಪವು ಮೇಲೆ ಹೇಳಿದ ನುಸಿಯನ್ನು ಕಡಮೆ ಮಾಡುವುದು. ದನಕರುಗಳ ಹುಳುಬಾಧೆಗೆ ಕೊಡುವ ಐವರ್‌ಮೆಕ್ಟಿನ್ನೇ ಇದು! ಇದನ್ನು ಕಂಡುಹಿಡಿದ ಕ್ಯಾಂಪ್‌ಬೆಲ್ ಮತ್ತು ಒಮುರಾ ಎಂಬವರಿಗೆ 2015ರಲ್ಲಿ ನೊಬೆಲ್ ಬಹುಮಾನವು ಬಂದಿತು. ಹಾಗೆಂದು ಕೊಟ್ಟಿಗೆಯ ಔಷಧವನ್ನು ಮುಖಕ್ಕೆ ಹಚ್ಚಲು ಹೊರಡತಕ್ಕದ್ದಲ್ಲ. ಎರಡರ ಪ್ರಮಾಣವೂ ತಯಾರಿಕೆಯೂ ಬೇರೆ. ರೋಗವು ಬಲವಾಗಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಅಲ್ಪ ಪ್ರಮಾಣದಲ್ಲಿ ಕೊಡುವರು. ಇದನ್ನು ತುಂಬು ಲೋಟ ನೀರಿನೊಡನೆ ನುಂಗಿ, ಕೂಡಲೇ ಮಲಗದೆ ಇರಬೇಕು. ಇಲ್ಲವಾದರೆ ಅನ್ನನಾಳವನ್ನು ಸುಡುವುದು. ಗರ್ಭಿಣಿಯರಿಗೆ ಇದು ವರ್ಜ್ಯ. ಯಾವ ಲೇಪವಾದರೂ ಗುಣ ತೋರಿಸುವುದಕ್ಕೆ ಆರರಿಂದ ಹನ್ನೆರಡು ವಾರಗಳು ಬೇಕಾದಾವು. ಉಬ್ಬಿದ ರಕ್ತನಾಳಗಳಿಗೆ ಲೇಸರ್ ಕಿರಣದ ಚಿಕಿತ್ಸೆಯೂ, ಗಡ್ಡೆಮೂಗಿಗೆ ಶಸ್ತ್ರಚಿಕಿತ್ಸೆಯೂ ಇವೆ. ಅವು ದೊಡ್ಡ ಊರಿನ ಮಾತು. ಸಾಮಾನ್ಯ ಚಿಕಿತ್ಸೆಗೆ ಮಾಯಸಂದ್ರದ ಕಡೆಯವರು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯವರೆಗೆ ಹೋಗಬೇಕಾದುದೂ ಇಲ್ಲ. ಬೆಳ್ಳೂರಿನ ಬಳಿಯ ಬಿ. ಜಿ. ನಗರದ ಆದಿಚುಂಚನಗಿರಿ ವೈದ್ಯಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮರೋಗದ ವಿಭಾಗವಿದೆ.

ಗೃಹೋಪಚಾರದಲ್ಲಿ ಮಾಡುವುದಕ್ಕಿಂತ ಬಿಡುವುದೇ ಹೆಚ್ಚು. ಕಡಲೆಹಿಟ್ಟಿನಿಂದಲೋ ಸೀಗೆಪುಡಿಯಿಂದಲೋ ಮುಖವನ್ನು ಉಜ್ಜುವುದು, ನಿಂಬೆರಸ ಹಚ್ಚುವುದು, ತಲೆನೋವಿಗೆಂದು ಕರ್ಪೂರ, ಪುದೀನದ ಹೂ, ನೀಲಗಿರಿ ಎಣ್ಣೆಗಳಿರುವ ಮುಲಾಮನ್ನು ಹಣೆಗೆ ತಿಕ್ಕುವುದು ಇವೆಲ್ಲವೂ ಉರಿಯನ್ನು ಹೆಚ್ಚಿಸತಕ್ಕವು. ಕೊಬ್ಬರಿ ಎಣ್ಣೆಯ ಮಾತನ್ನು ಈ ಸೀಮೆಯಲ್ಲಿ ಎತ್ತದೆ ಇರುವಂತಿಲ್ಲ. ಅದರಿಂದ ಈ ರೋಗವು ಬರುವುದೂ ಇಲ್ಲ, ಹೋಗುವುದೂ ಇಲ್ಲ. ತಲೆಗೂ ಮೈಗೂ ಬೇಕಾದಷ್ಟು ಹಚ್ಚಿಕೊಳ್ಳಬಹುದು. ಗುಳ್ಳೆಗಳೆದ್ದಿರುವ ಮುಖಕ್ಕೆ ಮಾತ್ರ ಅದನ್ನು ಮೆತ್ತಿ ರಂಧ್ರಗಳನ್ನು ಮುಚ್ಚುವುದು ಬೇಡ. ಉಗುರುಬೆಚ್ಚಗಿನ ಅಥವಾ ತಣ್ಣೀರಿನಿಂದ, ಸೌಮ್ಯವಾದ ಸಾಬೂನಿನಿಂದ ಮುಖ ತೊಳೆದು, ಒರಸದೆ ಒತ್ತಿ ಆರಿಸಿ, ಪರಿಮಳವಿಲ್ಲದ ತೇವದ ಲೇಪವೊಂದನ್ನು ಹಚ್ಚಿದರೆ ಸಾಕು. ಹಗಲಿನಲ್ಲಿ ಸತುವಿನ ಭಸ್ಮವಿರುವ ಬಿಸಿಲುತಡೆ ಲೇಪವು ಒಳ್ಳೆಯದು. ಅದು ಸಿಕ್ಕದಿದ್ದರೆ ಕೊಡೆ, ಅಗಲವಾದ ಟೋಪಿ, ಮುಂದಕ್ಕೆ ಎಳೆದುಕೊಂಡ ಸೆರಗು ಇವೂ ಕಡಮೆಯವೇನಲ್ಲ. ಹಂಡೆಯ ಒಲೆಗೆ ಬೆಂಕಿ ಹೊತ್ತಿಸುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಂಡರೆ ಆ ಗೃಹಿಣಿಗೆ ಯಾವ ಮುಲಾಮಿಗಿಂತಲೂ ಹೆಚ್ಚಿನ ಉಪಕಾರವಾದೀತು. ಒಬ್ಬೊಬ್ಬರಿಗೆ ಒಂದೊಂದು ಕಾರಣವು ಕೆರಳಿಸುವುದರಿಂದ, ಮುಖ ಕೆಂಪೇರಿದ ದಿನ ಏನು ಉಂಡೆ, ಎಲ್ಲಿದ್ದೆ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿಯೇ ಎರಡು ಮಾತು ಗುರುತು ಹಾಕುತ್ತ ಬಂದರೆ ಎರಡು ತಿಂಗಳಲ್ಲಿ ತನ್ನ ಶತ್ರು ಯಾವುದೆಂಬುದು ತಿಳಿಯುವುದು.

ಕಣ್ಣಿನ ವಿಚಾರವೊಂದು ಉಳಿದಿದೆ; ಇದನ್ನು ಯಾರೂ ಹಗುರಾಗಿ ಎಣಿಸಬಾರದು. ಈ ರೋಗವುಳ್ಳ ಬಹುಮಂದಿಯಲ್ಲಿ ಕಣ್ಣುಗಳೂ ಭಾಗಿಯಾಗುವುವು. ಕೆಲವರಲ್ಲಿ ಮುಖಕ್ಕಿಂತ ಮೊದಲೇ ಕಣ್ಣಿಗೆ ಬರುವುದು. ರೆಪ್ಪೆಯ ಅಂಚಿನಲ್ಲಿ ಎಣ್ಣೆಯನ್ನು ಸುರಿಸಿ ಕಣ್ಣೀರು ಆರದಂತೆ ಕಾಪಾಡುವ ಸಣ್ಣ ಗ್ರಂಥಿಗಳಿವೆ. ಅವು ಕಟ್ಟಿಕೊಂಡಾಗ ಕಣ್ಣೊಳಗೆ ಮರಳು ಬಿದ್ದಂತೆ ಒತ್ತುವುದು, ಕೆಂಪಾಗುವುದು, ರೆಪ್ಪೆಯ ಮೇಲೆ ಮತ್ತೆ ಮತ್ತೆ ಕುರುಗಳೇಳುವುವು. ಶುಚಿಯಾದ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಗಳ ಮೇಲೆ ದಿನಕ್ಕೆರಡು ಸಲ ಐದೈದು ನಿಮಿಷ ಇಟ್ಟು, ಆಮೇಲೆ ಅಂಚನ್ನು ಮೆಲ್ಲಗೆ ಒರಸಿದರೆ ಗ್ರಂಥಿಗಳು ತೆರೆದುಕೊಳ್ಳುವುವು. ಆದರೆ ಬೆಳಕನ್ನು ನೋಡಲಾರದಷ್ಟು ನೋವಾದರೆ, ದೃಷ್ಟಿ ಮಂಜಾದರೆ, ಕರಿಗುಡ್ಡೆಯ ಮೇಲಿನ ಪಾರದರ್ಶಕವಾದ ಪೊರೆಯಲ್ಲಿ ಹುಣ್ಣಾಗುತ್ತಿರುವ ಸಂಭವವಿರುವುದರಿಂದ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಹೋಗುವಾಗ ಮುಖಕ್ಕೆ ಇದುವರೆಗೆ ಹಚ್ಚುತ್ತಿದ್ದ ಟ್ಯೂಬುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸುವುದು ಒಳ್ಳೆಯದು. ಕಣ್ಣಿನ ಸುತ್ತ ಬಹುಕಾಲ ಹಚ್ಚಿದ ಸ್ಟೀರಾಯ್ಡು ಕಣ್ಣೊಳಗಿನ ಒತ್ತಡವನ್ನೂ ಏರಿಸಬಲ್ಲುದಾದುದರಿಂದ, ಅದನ್ನೂ ಅಳೆದು ನೋಡಲು ವೈದ್ಯರಿಗೆ ಆ ಚೀಲವೇ ಸೂಚನೆಯಾಗುವುದು.